ಬಾಂಬ್ ಹಾಕಲು ಹೋಗಿ ಸತ್ತ ಹುಡುಗರನ್ನು ಇವತ್ತಿಗೂ ಯಾಕೆ ನೆನೆಯಬೇಕು?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಕಡೆಯ ಬಾಂಬರ್ ವಿಮಾನಗಳಲ್ಲಿ ಹೋಗಿ ಊರೂರಿಗೇ ಬೆಂಕಿ ಹಚ್ಚಿದವರಿಗೆ ಸ್ಮಾರಕ ಯಾಕೆ ಅಂತ ಕೇಳಿದ್ದೀರಿ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. 1943ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರ ಹೇಗೆ ಉರಿಯಿತು ಅಂತ ಓದಿದವರಿಗೆ ಅದು ಬಂದೇ ಬರುತ್ತದೆ. ಎಲ್ಲರ ಪರವಾಗಿ ವಾದ ಮಾಡಲು ನನಗೆ ಬರುವುದಿಲ್ಲ. ಒಬ್ಬನ ಬಗ್ಗೆ ಹೇಳುತ್ತೇನೆ.

ನಾವಿರುವುದು ಕೆನಡಾದ ಹ್ಯಾಮಿಲ್ಟನ್ ಹತ್ತಿರ. ಇಲ್ಲಿನ ಮ್ಯೂಸಿಯಂನಲ್ಲಿ ಆ ಯುದ್ಧದ ಕಾಲದ ಒಂದು ಲ್ಯಾಂಕಾಸ್ಟರ್ ಬಾಂಬರ್ ವಿಮಾನ ಇದೆ. ಜಗತ್ತಿನಲ್ಲಿ ಹಾರುವ ಸ್ಥಿತಿಯಲ್ಲಿ ಉಳಿದಿರುವುದು ಎರಡೇ, ಇನ್ನೊಂದು ಇಂಗ್ಲೆಂಡಿನಲ್ಲಿದೆ. ನಾಲ್ಕು ಎಂಜಿನ್‌ಗಳ ಆ ಸದ್ದು ಮನೆ ಮೇಲೆ ಹಾದುಹೋದರೆ ಕಿಟಕಿ ಗಾಜು ನಡುಗುತ್ತದೆ. ಅದಕ್ಕೆ ಆಂಡ್ರ್ಯೂ ಮಿನಾರ್ಸ್ಕಿಯ ಹೆಸರಿಟ್ಟಿದ್ದಾರೆ.

ಮಿನಾರ್ಸ್ಕಿ ಕೆನಡಾದ ವಿನ್ನಿಪೆಗ್‌ನವನು. ತಂದೆ ತಾಯಿ ಪೋಲೆಂಡಿನಿಂದ ಬಂದವರು. ತಂದೆ ಬೇಗ ತೀರಿಕೊಂಡರು. ಇವನು ತೊಗಲು ಕತ್ತರಿಸುವ ಕೆಲಸ ಮಾಡಿ ಮನೆಗೆ ನೆರವಾದ. ಯುದ್ಧದಲ್ಲಿ ಗನ್ನರ್ ಆದ, ಅಂದರೆ ವಿಮಾನದಿಂದ ಗನ್ ಹಾರಿಸುವವನು. ಗನ್ನರ್ ಕೂರುವುದು ತಿರುಗುವ ಒಂದು ಗೂಡಿನಲ್ಲಿ. ವಿಮಾನದ ಬೆನ್ನ ಮೇಲಿನ ಗೂಡು ಅವನದು. ಬಾಲದ ಗೂಡು ಗೆಳೆಯ ಪ್ಯಾಟ್ ಬ್ರೋಫಿಯದು. ಬ್ರೋಫಿ ಅಧಿಕಾರಿ, ಇವನು ಅವನಿಗಿಂತ ಕೆಳಗಿನ ದರ್ಜೆಯವನು. ಹಾಗಾಗಿ ರಾತ್ರಿ ಮಲಗಲು ಹೋಗುವಾಗ ತಮಾಷೆಗೆ ಸಲ್ಯೂಟ್ ಹೊಡೆದು 'ಗುಡ್ ನೈಟ್, ಸರ್' ಅನ್ನುತ್ತಿದ್ದ.

1944ರ ಜೂನ್ 12ರ ರಾತ್ರಿ ಅವರು ಹೊರಟದ್ದು ಫ್ರಾನ್ಸಿನ ಕ್ಯಾಂಬ್ರೆಯ ರೈಲ್ವೆ ಯಾರ್ಡಿಗೆ. ಹೊರಡುವ ಮೊದಲು ಮಿನಾರ್ಸ್ಕಿಗೆ ಹುಲ್ಲಿನಲ್ಲಿ ನಾಲ್ಕೆಲೆಯ ಕ್ಲೋವರ್ ಸಿಕ್ಕಿತು. ಅದು ಅದೃಷ್ಟ ತರುತ್ತದೆ ಅಂತ ಅಲ್ಲಿಯವರ ನಂಬಿಕೆ. ಅದನ್ನು ಬ್ರೋಫಿಗೆ ಕೊಟ್ಟುಬಿಟ್ಟ.

ಮಧ್ಯರಾತ್ರಿ ದಾಟಿದ ಮೇಲೆ ಜರ್ಮನ್ ಫೈಟರ್ ಹೊಡೆಯಿತು. ಎಡಗಡೆಯ ಎರಡೂ ಎಂಜಿನ್ ಹೋದವು. ಪೈಲಟ್ ಎಲ್ಲರಿಗೂ ಜಿಗಿಯಲು ಹೇಳಿದ. ಮಿನಾರ್ಸ್ಕಿ ಬಾಗಿಲ ಹತ್ತಿರವೇ ಬಂದಿದ್ದ. ನೋಡಿದರೆ ಬ್ರೋಫಿಯ ಗೂಡು ತಿರುಗದೆ ಸಿಕ್ಕಿಹಾಕಿಕೊಂಡಿದೆ. ನಡುವೆ ಬೆಂಕಿ. ಅದರೊಳಗೇ ತೆವಳಿಕೊಂಡು ಹೋದ. ಕೊಡಲಿಯಿಂದ ಹೊಡೆದ, ಆಮೇಲೆ ಬರಿಗೈಯಲ್ಲೇ ಎಳೆದ. ಅವನ ಬಟ್ಟೆಗೂ ಪ್ಯಾರಾಚೂಟಿಗೂ ಬೆಂಕಿ ಹತ್ತಿತು. ಕೊನೆಗೆ ಬ್ರೋಫಿಯೇ ಹೋಗು ಅಂತ ಕೈ ಬೀಸಿದ. ಮಿನಾರ್ಸ್ಕಿ ಗೆಳೆಯನಿಗೆ ಬೆನ್ನು ತಿರುಗಿಸದೆ, ಹಿಂದಕ್ಕೇ ತೆವಳುತ್ತಾ ಬಾಗಿಲಿಗೆ ಬಂದ. ಉರಿಯುತ್ತಲೇ ನೆಟ್ಟಗೆ ನಿಂತು ಸಲ್ಯೂಟ್ ಹೊಡೆದ. ಏನೋ ಹೇಳಿದ. ಸದ್ದಿನಲ್ಲಿ ಕೇಳಿಸಲಿಲ್ಲ, ಆದರೆ ಅದು 'ಗುಡ್ ನೈಟ್, ಸರ್' ಅಂತ ಬ್ರೋಫಿಗೆ ಗೊತ್ತಿತ್ತು. ಆಮೇಲೆ ಮಿನಾರ್ಸ್ಕಿ ಜಿಗಿದ.

ಫ್ರೆಂಚ್ ಜನರ ಕೈಗೆ ಸಿಕ್ಕಿದಾಗ ಮಿನಾರ್ಸ್ಕಿಗೆ ಇನ್ನೂ ಜೀವವಿತ್ತು. ಸುಟ್ಟ ಗಾಯಗಳಿಂದ ಸತ್ತ. ವಯಸ್ಸು 27. ವಿಮಾನ ನೆಲಕ್ಕೆ ಅಪ್ಪಳಿಸಿದಾಗ ಬಾಲ ಕಿತ್ತುಹೋಗಿ, ಬ್ರೋಫಿ ಹೊರಗೆ ಎಸೆಯಲ್ಪಟ್ಟು ಬದುಕಿಕೊಂಡ! ಏಳು ಜನರಲ್ಲಿ ಸತ್ತವನು ಮಿನಾರ್ಸ್ಕಿ ಒಬ್ಬನೇ.

ನನ್ನ ಮನಸ್ಸು ಪ್ರತಿ ಸಲ ಇಲ್ಲೇ ನಿಲ್ಲುತ್ತದೆ. ಬ್ರೋಫಿ ಬದುಕಿ ಬಂದು ಹೇಳಿದ್ದಕ್ಕೆ ಮಿನಾರ್ಸ್ಕಿಗೆ 1946ರಲ್ಲಿ ವಿಕ್ಟೋರಿಯಾ ಕ್ರಾಸ್ ಬಂತು, ಶೌರ್ಯಕ್ಕೆ ಕೊಡುವ ಅತಿ ದೊಡ್ಡ ಪದಕ ಅದು. ಬ್ರೋಫಿಯೂ ಸತ್ತಿದ್ದರೆ? ಆ ಯುದ್ಧದಲ್ಲಿ ಬಾಂಬರ್ ಕಮಾಂಡಿನ, ಅಂದರೆ ಬ್ರಿಟಿಷ್ ವಾಯುಪಡೆಯ ಬಾಂಬರ್ ವಿಭಾಗದ, 55,573 ಜನ ಸತ್ತರು. ಎಷ್ಟೋ ವಿಮಾನಗಳಿಂದ ಒಬ್ಬನೂ ವಾಪಸ್ ಬರಲಿಲ್ಲ. ಅವುಗಳೊಳಗೆ ಯಾರು ಯಾರಿಗಾಗಿ ಬೆಂಕಿಗೆ ಕೈ ಹಾಕಿದರೋ, ಹೇಳುವವರೇ ಉಳಿಯಲಿಲ್ಲ ಅಲ್ವಾ?

ಕೆಳಗೆ ಸತ್ತವರನ್ನು ಮರೆತು ಇವರನ್ನು ನೆನೆಯಿರಿ ಅಂತ ನಾನು ಹೇಳುತ್ತಿಲ್ಲ. ಆ ಸದ್ದು ಕೇಳಿದಾಗ ನಾನು ಹಿತ್ತಲಿಗೆ ಬಂದು ನಿಲ್ಲುತ್ತೇನೆ. ವಿಮಾನದ ಬಾಲದ ಕಡೆಗೇ ಕಣ್ಣು ಹೋಗುತ್ತದೆ.