ಪಾಚಿಯೇ ಊಟ ಹಾಕುವಾಗ ಮರಿ ಹವಳಗಳಿಗೆ ಬೇರೆ ಆಹಾರ ಏಕೆ?

ಹವಳ ಒಂದು ಪ್ರಾಣಿ; ಅದರ ಒಡಲೊಳಗೆ ಬದುಕುವ ಸೂಕ್ಷ್ಮ ಪಾಚಿ ಬಿಸಿಲಿನಿಂದ ಸಕ್ಕರೆ ಮಾಡಿಕೊಡುವುದೇನೋ ನಿಜ. ಆದರೆ ಬೆಳೆಯಲು ಸಾರಜನಕ, ರಂಜಕವೂ ಬೇಕು. ಅವನ್ನು ಹವಳ ಗ್ರಹಣಾಂಗ ಚಾಚಿ ಹಿಡಿದು ತಿನ್ನುವ ಸೂಕ್ಷ್ಮಜೀವಿಗಳು ಒದಗಿಸುತ್ತವೆ. ಮೇಲಾಗಿ ಅಕ್ರೋಪೋರಾ ಹವಳದಂಥ ಹಲವು ಜಾತಿಗಳ ಲಾರ್ವಾಗಳಲ್ಲಿ (ನೀರಲ್ಲಿ ಈಜುವ ಎಳೆ ಮರಿಗಳಲ್ಲಿ) ಹುಟ್ಟುವಾಗ ಪಾಚಿಯೇ ಇರುವುದಿಲ್ಲ, ಆಮೇಲೆ ನೀರಿನಿಂದ ಪಡೆಯಬೇಕು.

ಮರಿಗೆ ನಿಜವಾದ ಕಂಟಕ ಅದರ ಪುಟ್ಟ ಗಾತ್ರ. ಒಂದೆರಡು ಮಿಲಿಮೀಟರ್ ಇದ್ದಾಗ ಬಂಡೆಯ ಮೇಲಿನ ಪಾಚಿ ಅದನ್ನು ಮುಚ್ಚಿಬಿಡುತ್ತದೆ, ಇಲ್ಲವೇ ಆ ಪಾಚಿ ಮೇಯಲು ಬಂದ ಮೀನು ಅದನ್ನೂ ಕೆರೆದು ತಿನ್ನುತ್ತದೆ. ಸಾಕಣೆ ತೊಟ್ಟಿಗಳಲ್ಲಿ ಆಗಷ್ಟೇ ಮೊಟ್ಟೆಯೊಡೆದ ಆರ್ಟೀಮಿಯಾ ಸಿಗಡಿಮರಿ ಕೊಟ್ಟರೆ ಹಲವು ಜಾತಿಗಳು ಬೇಗ ಬೆಳೆದು ಈ ಗಂಡಾಂತರ ದಾಟುತ್ತವೆ.

ನೀರು ಬಿಸಿಯಾಗಿ ಹವಳ ಒಡಲ ಪಾಚಿ ಕಳೆದುಕೊಂಡು ಬಿಳಿಚಿದಾಗಲೂ ಆಹಾರವೇ ಆಸರೆ. ಹವಾಯಿಯ ಮಾಂಟಿಪೋರಾ ಕ್ಯಾಪಿಟೇಟಾ ಎಂಬ ಹವಳ ಬಿಳಿಚಿದ ಮೇಲೆ ಹೆಚ್ಚು ತಿಂದು ದಿನದ ಶಕ್ತಿಯನ್ನೆಲ್ಲ ಅದರಿಂದಲೇ ಗಳಿಸಬಲ್ಲದು ಎಂದು 2006ರ ಅಧ್ಯಯನವೊಂದು ತೋರಿಸಿತು. ಅಲ್ಲಿನ ಪೊರೈಟಿಸ್ ಹವಳಗಳಿಗೆ ಮಾತ್ರ ಅದು ಸಾಧ್ಯವಾಗಲಿಲ್ಲ. (ಅವು ಬೆಳೆದ ಹವಳಗಳು, ಮರಿಗಳಿಗೆ ಹಾಗೇ ಅನ್ವಯಿಸಬೇಡಿ.)

ಅಕ್ವೇರಿಯಂನವರಿಗೆ ಒಂದು ಮಾತು: ಆಹಾರ ಅತಿಯಾಗಿ ಸುರಿದರೆ ಉಳಿದದ್ದು ಕೊಳೆತು, ಮರಿಯನ್ನು ಮುಚ್ಚುವ ಆ ಹೊರಗಿನ ಪಾಚಿಯೇ ಹುಲುಸಾಗುತ್ತದೆ. ಸ್ವಲ್ಪ ಕೊಡಿ, ನೀರು ಬದಲಿಸಿ.