ಶಾರ್ಕ್ ಓಡಿಸುವ ಯಂತ್ರ: ಕಾಲಿಗೆ ಕಟ್ಟಿಕೊಳ್ಳಬೇಕೇ, ಬೇಡವೇ?

ಸ್ಕೂಬಾ ಡೈವಿಂಗ್ ಕುರಿತು ಈ ಬಾರಿ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು: ವಿದ್ಯುತ್ ಮಿಡಿತ ಬಿಟ್ಟು ಶಾರ್ಕನ್ನು ದೂರವಿಡುವ ಸಾಧನಗಳು. ಒಂದೇ ಥರದವನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ವರ್ಷಕ್ಕೆ ಹದಿನೈದಿಪ್ಪತ್ತು ಡೈವ್ ಮಾಡುತ್ತೇನೆ, ಎಲ್ಲವೂ ಹವಳದ ದಿಬ್ಬಗಳಲ್ಲಿ. ಮನೆಯವರಿಗೆ ಶಾರ್ಕಿನದೇ ಚಿಂತೆ. ಇಂಥ ಸಾಧನ ಕೊಳ್ಳಲೇ?

ಉತ್ತರ: ಬೇಡ. ಫ್ಲಾರಿಡಾ ಮ್ಯೂಸಿಯಂನಲ್ಲಿರುವ ಅಂತರರಾಷ್ಟ್ರೀಯ ಶಾರ್ಕ್ ದಾಳಿ ದಾಖಲೆಯಂತೆ, 2024ರಲ್ಲಿ ಮನುಷ್ಯರು ಕೆಣಕದೆ ಆದ ಕಡಿತಗಳು ಇಡೀ ಜಗತ್ತಿನಲ್ಲಿ 47, ಸಾವು 4. ಪ್ರತಿವರ್ಷದ ಪಟ್ಟಿಯಲ್ಲೂ ಸರ್ಫಿಂಗ್ ಮಾಡುವವರು ಮತ್ತು ಈಜುವವರೇ ಹೆಚ್ಚು, ಸಿಲಿಂಡರ್ ಹೊತ್ತು ಮುಳುಗುವವರು ಬೆರಳೆಣಿಕೆಯಷ್ಟು. ಡೈವರ್‌ಗಳ ಜೀವ ಹೋಗುವುದು ಹೃದಯದ ತೊಂದರೆಯಿಂದ, ಗಾಳಿ ಮುಗಿದು, ಇಲ್ಲವೇ ಗಾಬರಿಯಲ್ಲಿ ಉಸಿರು ಕಟ್ಟಿಕೊಂಡು ಸರ‍್ರನೆ ಮೇಲೇರಿದ್ದರಿಂದ. ಮನೆಯವರ ಚಿಂತೆ ತೀರಬೇಕಾದರೆ ಹೃದಯ ತಪಾಸಣೆ ಮಾಡಿಸಿ, ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ರೆಗ್ಯುಲೇಟರ್ ಸರ್ವಿಸ್ ಮಾಡಿಸಿ, ದೋಣಿಯ ಪೆಟ್ಟಿಗೆಯಲ್ಲಿ ರಕ್ತ ನಿಲ್ಲಿಸಲು ಬಿಗಿಯುವ ಒಳ್ಳೆಯ ಟೂರ್ನಿಕೆ ಪಟ್ಟಿ ಇದೆಯೇ ನೋಡಿ. ಕೈಕಾಲಿನ ಕಡಿತದಲ್ಲಿ ಪ್ರಾಣ ಹೋಗುವುದು ರಕ್ತ ಹರಿದು. ಗಾಯಕ್ಕಿಂತ 5ರಿಂದ 7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲದ ಜಾಗದಲ್ಲಿ, ರಕ್ತ ನಿಲ್ಲುವವರೆಗೆ ಪಟ್ಟಿಯನ್ನು ಬಿಗಿದು, ಕಟ್ಟಿದ ಹೊತ್ತು ಬರೆದಿಡಬೇಕು. ದೋಣಿಯಲ್ಲಿ ಒಬ್ಬರಿಗಾದರೂ ಇದು ಬರಲೇಬೇಕು. ಪ್ರೊಪೆಲ್ಲರ್ ತಗುಲಿದ ಗಾಯಕ್ಕೂ ಇದೇ ಆಗುತ್ತದೆ.

ಎಲ್ಲರಿಗೂ ಈ ಉತ್ತರ ಅಲ್ಲ. ಬಿಳಿ ಶಾರ್ಕ್ ಓಡಾಡುವ ನೀರಿನಲ್ಲಿ ಗಂಟೆಗಟ್ಟಲೆ ತಳದಲ್ಲಿ ತಲೆ ತಗ್ಗಿಸಿ ಅಬಲೋನ್, ಸ್ಕ್ಯಾಲಪ್ ಚಿಪ್ಪು ಕೀಳುವವರು, ಈಟಿಯಿಂದ ಮೀನು ಹೊಡೆಯುವವರು, ಸಮೀಕ್ಷೆಗೆ ಇಳಿಯುವ ವಿಜ್ಞಾನಿಗಳು ಕಟ್ಟಿಕೊಳ್ಳಲಿ. ಅವರ ಕಣ್ಣು ಸುತ್ತಲ ನೀರಿನ ಮೇಲಿರುವುದಿಲ್ಲ, ಅದೇ ಜಾಗಕ್ಕೆ ದಿನವೂ ಇಳಿಯುತ್ತಾರೆ. ಪಶ್ಚಿಮ ಆಸ್ಟ್ರೇಲಿಯಾ ಸರ್ಕಾರ 2017ರಲ್ಲಿ, ಪರೀಕ್ಷೆಯಲ್ಲಿ ಗೆದ್ದ ಸಾಧನ ಕೊಳ್ಳುವವರಿಗೆ 200 ಡಾಲರ್ ರಿಯಾಯಿತಿ ಕೊಡಲು ತೊಡಗಿತು. ಅಲ್ಲಿನ ನೀರಿಗೆ ಆ ಲೆಕ್ಕ ಸರಿ, ಎಲ್ಲ ಕಡಲಿಗೂ ಅದೇ ಲೆಕ್ಕ ಹಾಕಬಾರದು.

ಪ್ರಶ್ನೆ: ಅದು ಕೆಲಸ ಮಾಡುವುದು ಹೇಗೆ? ಶಾರ್ಕಿಗೆ ವಿದ್ಯುತ್ ಗೊತ್ತಾಗುತ್ತದೆ ಎಂದಮೇಲೆ ದೂರದಲ್ಲಿರುವುದನ್ನೂ ಕರೆದಂತಾಗುವುದಿಲ್ಲವೇ?

ಉತ್ತರ: ಶಾರ್ಕಿನ ಮೂತಿಯ ಮೇಲೆ ಸೂಜಿ ಚುಚ್ಚಿದಂಥ ತೂತುಗಳಿರುತ್ತವೆ. ಒಳಗೆ ಲೋಳೆ ತುಂಬಿದ ಕೊಳವೆ. 1678ರಲ್ಲಿ ಇದನ್ನು ವಿವರಿಸಿದ ಇಟಲಿಯ ಸ್ಟೆಫಾನೊ ಲೊರೆಂಜಿನಿಯ ಹೆಸರೇ ಆ ಅಂಗಕ್ಕೆ ನಿಂತಿದೆ. ಅದು ವಿದ್ಯುತ್ತನ್ನು ಗ್ರಹಿಸುತ್ತದೆ ಎಂಬುದು ತಿಳಿದದ್ದು ಇಪ್ಪತ್ತನೆಯ ಶತಮಾನದಲ್ಲಿ. ಒಂದು ಸೆಂಟಿಮೀಟರಿಗೆ ವೋಲ್ಟಿನ ನೂರು ಕೋಟಿಯಲ್ಲಿ ಐದು ಪಾಲಿನಷ್ಟು ವ್ಯತ್ಯಾಸವೂ ಅದಕ್ಕೆ ತಾಕುತ್ತದೆ. ಮರಳಿನಡಿ ಅಡಗಿದ ಮೀನಿನ ಸ್ನಾಯುಗಳ ಮಿಡಿತ ಹಿಡಿಯಲು ಇರುವ ಅಂಗವಿದು. ಸಾಧನ ಸೆಕೆಂಡಿಗೆ ಒಂದೆರಡು ಬಾರಿ, ಮಿಲಿಸೆಕೆಂಡುಗಳಷ್ಟು ಚಿಕ್ಕದಾದ, ಆದರೆ ಬಲು ಜೋರಾದ ಮಿಡಿತ ಬಿಡುತ್ತದೆ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಟಾರ್ಚ್ ಬಿಟ್ಟಂತೆ.

ದೂರದಿಂದ ಕರೆಯುತ್ತದೆ ಎನ್ನುವುದಕ್ಕೆ ಪರೀಕ್ಷೆಗಳಲ್ಲಿ ಪುರಾವೆ ಸಿಕ್ಕಿಲ್ಲ. ವಿದ್ಯುತ್ತನ್ನು ನೀರಿಗೆ ಬಿಡುವ ಎರಡು ಲೋಹದ ತುದಿಗಳ, ಅಂದರೆ ಎಲೆಕ್ಟ್ರೋಡ್‌ಗಳ ನಡುವಿನ ಕ್ಷೇತ್ರ, ಸ್ವಲ್ಪ ದೂರ ಸರಿದಮೇಲೆ, ಅಂತರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ: ದೂರ ಎರಡು ಪಟ್ಟಾದರೆ ಬಲ ಎಂಟನೇ ಒಂದು, ಮೂರು ಪಟ್ಟಾದರೆ ಇಪ್ಪತ್ತೇಳನೇ ಒಂದು. ದೂರದ ಶಾರ್ಕನ್ನು ಎಳೆದು ತರುವುದು ರಕ್ತದ ವಾಸನೆ, ಒದ್ದಾಡುವ ಮೀನಿನ ಸದ್ದು. ಆದರೆ ಇದೇ ಲೆಕ್ಕ ನಿಮಗೂ ತಿರುಗುಬಾಣ: ರಕ್ಷಣೆಯೂ ಅಷ್ಟೇ ಬೇಗ ಕುಗ್ಗುತ್ತದೆ.

ಪ್ರಶ್ನೆ: ‘ವೈಜ್ಞಾನಿಕವಾಗಿ ಸಾಬೀತಾಗಿದೆ’ ಎಂದು ಪೆಟ್ಟಿಗೆಯ ಮೇಲೆ ಬರೆದಿದೆ. ಎಷ್ಟು ನಂಬಬಹುದು?

ಉತ್ತರ: ಯಾವ ಮಾದರಿ, ಯಾವ ಶಾರ್ಕ್, ಎಷ್ಟು ಹತ್ತಿರ ಎಂದು ಮೂರು ಪ್ರಶ್ನೆ ಕೇಳಿ ನಂಬಿ. 2016ರಲ್ಲಿ ಪ್ರಕಟವಾದ, ದಕ್ಷಿಣ ಆಫ್ರಿಕಾದ ಮೋಸೆಲ್ ಬೇಯಲ್ಲಿ ಬಿಳಿ ಶಾರ್ಕ್‌ಗಳ ಮೇಲೆ ನಡೆದ ಪರೀಕ್ಷೆಯಲ್ಲಿ ಶಾರ್ಕ್ ಶೀಲ್ಡ್ ಫ್ರೀಡಂ 7 ಎಂಬ ವಿದ್ಯುತ್ ಸಾಧನ ಚಾಲೂ ಇದ್ದಾಗ ಎರೆಯನ್ನು ಮುಟ್ಟಿದ್ದು ಒಂದೇ ಒಂದು ಶಾರ್ಕ್. ಮೊದಲ ಸಲ ಬಂದವು ಸರಾಸರಿ ಸುಮಾರು 1.3 ಮೀಟರಿನಲ್ಲಿ ತಿರುಗಿದವು. ಬಂದ ಪ್ರತಿ ಸಲವೂ ಸುಮಾರು 12 ಸೆಂ.ಮೀ. ಹತ್ತಿರವಾದವು, ಅಂದರೆ ಅಭ್ಯಾಸವಾಗತೊಡಗಿತ್ತು. ಸುತ್ತು ಹಾಕುತ್ತಿರುವ ಶಾರ್ಕಿನ ಮುಂದೆ ‘ಯಂತ್ರ ಇದೆಯಲ್ಲ’ ಎಂದು ಉಳಿದ ಗಾಳಿ ತೀರಿಸುತ್ತ ಕೂರಬಾರದು ಎನ್ನಲು ಆ 12 ಸೆಂಟಿಮೀಟರೇ ಸಾಕು.

ಅದಕ್ಕೂ ಮುಂಚೆ, 2013ರಲ್ಲಿ ಪ್ರಕಟವಾದ ಪರೀಕ್ಷೆಯ ಫಲ ಇಷ್ಟು ಚೆನ್ನಾಗಿರಲಿಲ್ಲ. ಒಂದೇ ಕಡೆ ತೂಗುಬಿಟ್ಟ ಎರೆಯನ್ನು ಶಾರ್ಕ್‌ಗಳು ತಿಂದ ಪ್ರಮಾಣ ಕಡಿಮೆಯಾಗಲೇ ಇಲ್ಲ, ತಿನ್ನಲು ಹೆಚ್ಚು ಹೊತ್ತು ತೆಗೆದುಕೊಂಡವು, ಅಷ್ಟೇ. ದೋಣಿ ಎಳೆದೊಯ್ದ ಸೀಲ್ ಗೊಂಬೆಯ ಮೇಲೆ ಹಾರುವುದು ಮಾತ್ರ ಕಡಿಮೆಯಾಯಿತು. 2018ರಲ್ಲಿ ಐದು ಸಾಧನಗಳನ್ನು ಸರ್ಫ್ ಹಲಗೆಯ ಕೆಳಗೆ ಎರೆ ಕಟ್ಟಿ ಹೋಲಿಸಿದರು. ಏನೂ ಇಲ್ಲದಾಗ 96%ರಷ್ಟು ಸಲ ಎರೆ ಹೋಯಿತು, ಹಲಗೆಗೆ ಜೋಡಿಸುವ ವಿದ್ಯುತ್ ಸಾಧನ ಫ್ರೀಡಂ+ ಸರ್ಫ್ ಇದ್ದಾಗ 40%. ಉಳಿದ ನಾಲ್ಕರಿಂದ ಗಮನಾರ್ಹ ಫಲ ಸಿಗಲಿಲ್ಲ. ಕೆಲಸ ಮಾಡಿದ ಆ ಒಂದರಲ್ಲೂ ಹತ್ತಕ್ಕೆ ನಾಲ್ಕು ಸಲ ಶಾರ್ಕ್ ಗೆದ್ದಿತು ಎನ್ನುವುದನ್ನು ಜಾಹೀರಾತು ದೊಡ್ಡ ಅಕ್ಷರದಲ್ಲಿ ಹೇಳುವುದಿಲ್ಲ.

ಪ್ರಶ್ನೆ: ಸಮೀಕ್ಷೆಯ ಕೆಲಸಕ್ಕೆ ತಳಕ್ಕೆ ಇಳಿಯಬೇಕು. ಹಿಂದೆ ಬಾಲದಂತೆ ಎಳೆದುಕೊಂಡು ಹೋಗುವ ಆಂಟೆನಾ ಇರುವ ಮಾದರಿ ಕೊಟ್ಟಿದ್ದಾರೆ. ಬಳಸುವಾಗ ಏನೇನು ನೋಡಿಕೊಳ್ಳಬೇಕು?

ಉತ್ತರ: ಮೊದಲು ಬಾಲದ ಲೆಕ್ಕ. ಪಾದದ ಗಂಟಿನಲ್ಲಿ ಪೆಟ್ಟಿಗೆ, ಅದರಿಂದ ಸುಮಾರು 2 ಮೀಟರ್ ಕೇಬಲ್, ಅದರಲ್ಲಿ ಎಲೆಕ್ಟ್ರೋಡ್‌ಗಳು. ನೀವು ಅಡ್ಡಲಾಗಿ ಈಜುತ್ತಿರುವಾಗ ಬಾಲ ನೆಟ್ಟಗೆ ಚಾಚಿರುತ್ತದೆ, ಕ್ಷೇತ್ರದ ನಡುಭಾಗ ಕಾಲಿನಿಂದ ಸುಮಾರು ಒಂದು ಮೀಟರ್ ಹಿಂದೆ. ಮೇಲೇರುವಾಗ ನಡುವೆ 5 ಮೀಟರ್ ಆಳದಲ್ಲಿ ಮೂರು ನಿಮಿಷದ ಸುರಕ್ಷತಾ ತಂಗುವಿಕೆಗೆ ನೆಟ್ಟಗೆ ನಿಂತಿರಿ ಎನ್ನಿ: ಬಾಲ ಕೆಳಕ್ಕೆ ಜೋತುಬೀಳುತ್ತದೆ, ನಿಮ್ಮ ತಲೆಗೂ ಕ್ಷೇತ್ರದ ನಡುವಿಗೂ ಎರಡೂವರೆ ಮೀಟರಿಗಿಂತ ಹೆಚ್ಚು ಅಂತರ. ಶಾರ್ಕ್ ತಿರುಗಿದ್ದು ಎಷ್ಟರಲ್ಲಿ? 1.3 ಮೀಟರಿನಲ್ಲಿ. ಹಾಗಾಗಿ ತಂಗುವಾಗಲೂ ದೇಹವನ್ನು ಆದಷ್ಟು ಅಡ್ಡಲಾಗಿಡಿ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಶಾರ್ಕ್ಸ್ ಬೋರ್ಡ್ ರೂಪಿಸಿದ ಇಂಥದೇ ಸಾಧನ ಶಾರ್ಕ್‌ಪಾಡ್‌ನಲ್ಲಿ ಒಂದು ಎಲೆಕ್ಟ್ರೋಡ್ ಸಿಲಿಂಡರಿನ ಮೇಲೆ, ಇನ್ನೊಂದು ಕಾಲಿಗೆ ತೊಡುವ ಫಿನ್ ಮೇಲೆ ಇತ್ತು. ಮೈ ಎರಡರ ನಡುವೆ ಬರುವ ಆ ಜೋಡಣೆ ಡೈವರಿಗೆ ಹೆಚ್ಚು ಒಪ್ಪುತ್ತದೆ. ಆಯ್ಕೆ ನಿಮ್ಮ ಕೈಯಲ್ಲಿದ್ದರೆ ಅಂಥದ್ದನ್ನೇ ಕೇಳಿ.

ತಳದಲ್ಲಿ ಮಂಡಿಯೂರಿದಾಗ ಇನ್ನೊಂದು ತೊಂದರೆ. ಬಾಲ ಸುರುಳಿಯಾಗಿ ಕಾಲ ಬಳಿ ಬೀಳುತ್ತದೆ, ಎಲೆಕ್ಟ್ರೋಡ್‌ಗಳು ಒಂದಕ್ಕೊಂದು ಹತ್ತಿರ ಬಂದಷ್ಟೂ ಕ್ಷೇತ್ರದ ಹರವು ಕಡಿಮೆ. ಪೆಟ್ಟಿಗೆಯ ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ! ಜಾಗ ಬದಲಿಸಿದಾಗಲೆಲ್ಲ ಜೊತೆಗಾರರು ಬಾಲ ಚಾಚಿದೆಯೇ ಎಂದು ನೋಡಿ ಸನ್ನೆ ಮಾಡಲಿ. ಅಳತೆ ಹಗ್ಗ, ರೀಲಿನ ದಾರ, ಬಿಟ್ಟುಹೋದ ಬಲೆ, ಕೆಲ್ಪ್ ಪಾಚಿ ಎಲ್ಲಕ್ಕೂ ಈ ಬಾಲ ಸಿಕ್ಕಿಕೊಳ್ಳುತ್ತದೆ. ಮುಳುಗಿದ ಹಡಗಿನ ಒಳಗೆ ಇದನ್ನು ಕಟ್ಟಿಕೊಂಡು ನುಗ್ಗಲೇಬಾರದು.

ಚಾಲೂ ಮಾಡುವುದು ನೀರಿಗಿಳಿದು, ಎರಡೂ ಎಲೆಕ್ಟ್ರೋಡ್ ಮುಳುಗಿದ ಮೇಲೆ. ದೋಣಿಯಲ್ಲೇ ಒತ್ತಿದರೆ ಒದ್ದೆ ಕೈಯಲ್ಲಿ ಬಾಲ ಎತ್ತಿಕೊಡುವವರಿಗೆ ಹೊಡೆತ ಬೀಳುತ್ತದೆ. ಬಹಳ ಮಂದಿ ಎಡವುವುದು ಮೇಲೆ ಬಂದಾಗ. ತಲೆ ನೀರಿನ ಹೊರಗೆ ಬಂತು, ಮುಗಿಯಿತು ಎಂದು ಸ್ವಿಚ್ ಆರಿಸಿ ದೋಣಿಗಾಗಿ ಹತ್ತು ನಿಮಿಷ ಕಾಲು ಜೋತುಬಿಟ್ಟು ತೇಲುತ್ತಾರೆ. ಕೆಳಗೇನಿದೆ ಎಂದು ಕಾಣದ ಹೊತ್ತು ಅದು. ಏಣಿಗೆ ಕೈ ಹಾಕಿದ ಮೇಲೆ ಆರಿಸಿ.

ಎಲೆಕ್ಟ್ರೋಡಿನ ಹತ್ತಿರ ಹೋದ ಸ್ನಾಯು ಮಿಡಿತಕ್ಕೊಮ್ಮೆ ಜಿಗಿಯುತ್ತದೆ. ಅಪಾಯವಿಲ್ಲ, ಆದರೆ ಬೆಚ್ಚಿಬಿದ್ದು ಉಸಿರಾಟದ ಲಯ ತಪ್ಪಬಹುದು. ಮೊದಲ ಡೈವ್ ಶಾಂತವಾದ, ಆಳವಿಲ್ಲದ ನೀರಿನಲ್ಲಿ ಮಾಡಿ. ಸ್ವಿಚ್ ಎಲ್ಲಿದೆ ಎಂದು ಜೊತೆಗಾರರಿಗೆ ತೋರಿಸಿಕೊಟ್ಟಿರಿ. ಪ್ರಜ್ಞೆ ತಪ್ಪಿದವರನ್ನು ಎಳೆತರಲು ಬಂದವರು ಮೊದಲು ಮಾಡಬೇಕಾದ ಕೆಲಸವೇ ಅದನ್ನು ಆರಿಸುವುದು.

ಪ್ರಶ್ನೆ: ಬ್ಯಾಟರಿ ಬೇಡದ ಮ್ಯಾಗ್ನೆಟ್ ಕೈಪಟ್ಟಿ ಅಗ್ಗ. ಅದೇ ಸಾಕಲ್ಲವೇ?

ಉತ್ತರ: 2018ರ ಹೋಲಿಕೆಯಲ್ಲಿ ಫಲ ಕಾಣದ ನಾಲ್ಕರಲ್ಲಿ ಮ್ಯಾಗ್ನೆಟ್ ಪಟ್ಟಿಗಳೂ ಇದ್ದವು. ಅಷ್ಟು ಚಿಕ್ಕ ಮ್ಯಾಗ್ನೆಟ್ಟಿನ ಬಲ ಕೈಯಳತೆಯ ದೂರದಲ್ಲೇ ಸೊರಗುತ್ತದೆ. ಡೈವರಿಗೆ ಇನ್ನೊಂದು ಕಾಟ: ದಿಕ್ಸೂಚಿ ಕಟ್ಟಿದ ಕೈಗೇ ಇದನ್ನೂ ಕಟ್ಟಿದರೆ ಮುಳ್ಳು ವಾಲುತ್ತದೆ, ದೋಣಿ ಇರುವ ದಿಕ್ಕು ಬಿಟ್ಟು ಬೇರೆಲ್ಲೋ ಹೋಗಿ ಮೇಲೇಳುತ್ತೀರಿ.

ಪ್ರಶ್ನೆ: ಪೇಸ್‌ಮೇಕರ್ ಇದೆ. ಬಳಸಬಹುದೇ?

ಉತ್ತರ: ಬಳಸಬೇಡಿ. ಬಳಸುವವರ ಪಕ್ಕದಲ್ಲೂ ಮುಳುಗಬೇಡಿ. ಡೈವ್ ಮಾಡಬಹುದೇ ಎನ್ನುವುದನ್ನೇ ಮೊದಲು ಹೃದ್ರೋಗ ವೈದ್ಯರನ್ನು ಕೇಳಿ.

ಪ್ರಶ್ನೆ: ಎರೆ ಹಾಕಿ ಶಾರ್ಕ್ ತೋರಿಸುವ ಡೈವ್‌ಗೆ ಹೊರಟಿದ್ದೇವೆ. ಧೈರ್ಯಕ್ಕೆ ಒಂದು ಇರಲಿ ಅನ್ನಿಸುತ್ತದೆ.

ಉತ್ತರ: ಒಂದು ಕೈಯಲ್ಲಿ ಕರೆದು ಇನ್ನೊಂದು ಕೈಯಲ್ಲಿ ದೂಡಿದ ಹಾಗಾಯಿತು. ಎರೆಗೆ ಪೈಪೋಟಿ ನಡೆಸುತ್ತಿರುವ ಶಾರ್ಕಿನ ಮೇಲೆ ಮಿಡಿತದ ಹಿಡಿತವೂ ಕಡಿಮೆಯಾಗಬಹುದು, ಪಕ್ಕದವರಿಗೆ ನೋಡಲು ಬಂದ ದೃಶ್ಯವೂ ತಪ್ಪುತ್ತದೆ. ಯಂತ್ರವಿಲ್ಲದೆ ಧೈರ್ಯ ಬರದಿದ್ದರೆ ಆ ಡೈವೇ ಬೇಡ. ಹೋಗುವುದಾದರೆ ಬೆನ್ನಿಗೆ ಬಂಡೆಯ ಆಸರೆ ಇರಲಿ, ಕೈಗಳು ಮೈಗೆ ಅಂಟಿರಲಿ, ಕಡುಬಣ್ಣದ ಕೈಗವಸು ಹಾಕಿ, ಹತ್ತಿರ ಬರುವ ಶಾರ್ಕಿಗೆ ಮುಖ ತಿರುಗಿಸಿ ನೋಡುತ್ತಿರಿ.

ಪ್ರಶ್ನೆ: ಒಂದು ಋತುವಿನಲ್ಲೇ ಸಾಧನ ಕೆಟ್ಟಿತು. ಚಾರ್ಜ್ ಆಗುತ್ತಿಲ್ಲ.

ಉತ್ತರ: ಚಾರ್ಜಿಂಗ್ ತೂತಿನ ಬಿರಡೆ ತೆಗೆದು ಒಳಗಿನ ಪಿನ್ ನೋಡಿ. ಹಸಿರು ಕಿಲುಬು ಕಂಡರೆ ಉಪ್ಪುನೀರು ಇಳಿದಿದೆ, ಕಾರಣ ಹೆಚ್ಚಾಗಿ ನೀರು ತಡೆಯುವ ರಬ್ಬರ್ ಬಳೆಯ (ಓ-ರಿಂಗ್) ಮೇಲಿನ ಒಂದು ಮರಳಕಣ. ಪ್ರತಿ ಡೈವ್ ಆದಮೇಲೆ ಬಿರಡೆ ಮುಚ್ಚಿರುವಾಗಲೇ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಪೂರ್ತಿ ಒಣಗಿದ ಮೇಲೆಯೇ ತೆರೆದು ಚಾರ್ಜ್‌ಗೆ ಹಾಕಿ. ಕೇಬಲ್ಲನ್ನು ಬಿಗಿಯಾಗಿ ಸುತ್ತಿಟ್ಟರೆ ಪೆಟ್ಟಿಗೆಗೆ ಸೇರುವ ಜಾಗದಲ್ಲಿ ಒಳಗಿನ ತಂತಿ ತುಂಡಾಗುತ್ತದೆ, ಹೊರಗಿನ ರಬ್ಬರ್ ಮಾತ್ರ ಸರಿಯಾಗೇ ಕಾಣುತ್ತದೆ. ಆ ಮೂಲೆಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸಿ ನೋಡಿ, ಮೆತ್ತಗಾಗಿದ್ದರೆ ರಿಪೇರಿಗೆ ಕಳಿಸಿ. ವಿಮಾನದಲ್ಲಿ ಒಯ್ಯುವಾಗ ಲಿಥಿಯಂ ಬ್ಯಾಟರಿ ಇರುವುದರಿಂದ ಕೈಚೀಲದಲ್ಲಿಡಿ, ಸ್ವಿಚ್ ತಾನಾಗಿ ಒತ್ತದಂತೆ ಭದ್ರಪಡಿಸಿ. ಬ್ಯಾಟರಿಯ ಮೇಲೆ ಬರೆದ ವ್ಯಾಟ್-ಅವರ್ 100 ದಾಟಿದ್ದರೆ ವಿಮಾನ ಸಂಸ್ಥೆಯ ಒಪ್ಪಿಗೆ ಮುಂಚೆಯೇ ಪಡೆಯಿರಿ.