ಉಜ್ಜಿಕೊಂಡು ಹೋಗುವ ಕಾರುಗಳ ವಿಡಿಯೊ ಹಾಕಿದರೆ ಸೈಕಲ್‌ನವರ ಬಗ್ಗೆ ಜನರ ಧೋರಣೆ ಬದಲಾಗುತ್ತದಾ? ಅವರು ಹೀಗೆ ಉಜ್ಜುತ್ತಿದ್ದರೆ ನಾವು ಸುಮ್ಮನಿರಬೇಕಾ? ಕ್ಯಾಮೆರಾ ಹೆಲ್ಮೆಟ್‌ಗೆ ಹಾಕಲಾ, ಹ್ಯಾಂಡಲ್‌ಗಾ?

ಇಲ್ಲ. ಕ್ಯಾಮೆರಾ ಕೊಳ್ಳಿ, ವಿಡಿಯೊ ಮಾತ್ರ ಹಾಕಬೇಡಿ. ಹೆಲ್ಮೆಟ್‌ಗೆ ಕ್ಯಾಮೆರಾ ಸಿಕ್ಕಿಸಿಕೊಂಡು ನಾಲ್ಕು ಕಾರಿನವರ ಮಾನ ಹರಾಜು ಹಾಕಿದರೆ ಉಳಿದವರಿಗೆ ಬುದ್ಧಿ ಬರುತ್ತದೆ ಅಂತ ನೀವು ನಂಬಿದ್ದೀರಲ್ಲ, ನಾನೂ ಹಾಗೇ ನಂಬಿದ್ದವನು.

ಬೆಳಿಗ್ಗೆ ಕೆಲಸಕ್ಕೆ ಹೋಗುವ ಹೊತ್ತು. ಹಿಂದಿನಿಂದ ಹಾರ್ನ್ ಕೇಳಿತು, ಅದು ನಿಲ್ಲುವ ಮೊದಲೇ ಕಾರಿನ ಕನ್ನಡಿ ಮೊಣಕೈಗೆ ಬಡಿಯಿತು. ಸೈಕಲ್ ಓಲಾಡಿತು, ಹೇಗೋ ಬೀಳಲಿಲ್ಲ. ಮುಂದಿನ ಸಿಗ್ನಲ್‌ನಲ್ಲಿ ಅದೇ ಕಾರು ನಿಂತಿತ್ತು. ಪಕ್ಕಕ್ಕೆ ಹೋಗಿ ಬಾಯಿಗೆ ಬಂದಂತೆ ಬೈದೆ. ಆತನೂ ಗಾಜು ಇಳಿಸಿ ಬೈದ. ಹಸಿರು ದೀಪ ಬಂತು, ಇಬ್ಬರೂ ಹೊರಟೆವು.

ಮನೆಗೆ ಬಂದವನೇ ಕನ್ನಡಿ ಬಡಿಯುವಷ್ಟು ಭಾಗವನ್ನು ಮಾತ್ರ ಕತ್ತರಿಸಿ, ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಹಾಗೆ ಆನ್‌ಲೈನ್‌ಗೆ ಹಾಕಿದೆ. ನಾನು ಕೆಟ್ಟದ್ದು ಇಲ್ಲೇ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ.

ಈ ಕ್ಯಾಮೆರಾಗಳು ಇಡೀ ಸವಾರಿಯನ್ನು ಒಂದೇ ಫೈಲಿನಲ್ಲಿ ಇಡುವುದಿಲ್ಲ. ಕೆಲವು ನಿಮಿಷಗಳಿಗೊಂದು ಫೈಲ್ ಮಾಡುತ್ತಾ ಹೋಗುತ್ತವೆ. ಲೂಪ್ ರೆಕಾರ್ಡಿಂಗ್ ಹಾಕಿದ್ದರೆ, ಕಾರ್ಡ್ ತುಂಬಿದ ಮೇಲೆ ಹಳೆಯದನ್ನು ತಾವೇ ಅಳಿಸಿ ಅದರ ಜಾಗದಲ್ಲಿ ಹೊಸದನ್ನು ಬರೆಯುತ್ತವೆ. ಬೇಕಾದ ಫೈಲನ್ನು ಲಾಕ್ ಮಾಡಬೇಕು, ಇಲ್ಲವೇ ಅವತ್ತೇ ಕಂಪ್ಯೂಟರ್‌ಗೆ ಇಳಿಸಿಕೊಳ್ಳಬೇಕು. ನಾನು ಎರಡನ್ನೂ ಮಾಡಲಿಲ್ಲ. ಕತ್ತರಿಸಿದ ತುಣುಕು ಇದೆಯಲ್ಲ, ಸಾಕು ಅಂದುಕೊಂಡೆ. ಸಿಗ್ನಲ್ ಜಗಳ ಇದ್ದದ್ದು ಮುಂದಿನ ಫೈಲಿನಲ್ಲಿ. ಅದರಲ್ಲಿ ನನ್ನ ಬೈಗುಳವೂ ಇತ್ತು, ನಿಜ ಹೇಳಬೇಕೆಂದರೆ ಅದು ಉಳಿಯದಿದ್ದರೇ ಒಳ್ಳೆಯದು ಅನ್ನಿಸಿತ್ತು. ಮಾಮೂಲಿನಂತೆ ಸೈಕಲ್ ತುಳಿದೆ, ಕಾರ್ಡ್ ತುಂಬಿತು, ಆ ಫೈಲ್ ಹೋಯಿತು.

ಇನ್ನು ಉಳಿದ ತುಣುಕಿನ ಕಥೆ ಕೇಳಿ. ಕ್ಯಾಮೆರಾ ಇದ್ದದ್ದು ತಲೆಯ ಮೇಲೆ, ಅದು ನೋಡುತ್ತಿದ್ದದ್ದು ಮುಂದಕ್ಕೆ. ಮೊಣಕೈ ಅದರ ಕಣ್ಣಿಗೆ ಬೀಳಲೇ ಇಲ್ಲ. ಜೊತೆಗೆ ವೈಡ್ ಆಂಗಲ್ ಲೆನ್ಸ್. ಆ ಲೆನ್ಸ್‌ನಲ್ಲಿ ಎಲ್ಲವೂ ಇರುವುದಕ್ಕಿಂತ ದೂರ ಕಾಣುತ್ತದೆ. ಮೈಗೆ ತಾಗಿದ ಕಾರು ವಿಡಿಯೊದಲ್ಲಿ ಸಭ್ಯವಾಗಿ ಪಕ್ಕಕ್ಕೆ ಸರಿದು ಹೋದಂತಿತ್ತು. ‘ಇನ್ನೊಂದು ಸೈಕಲ್ ನುಗ್ಗುವಷ್ಟು ಜಾಗ ಇದೆ, ಏನು ನಾಟಕ’ ಅಂತ ಕಾಮೆಂಟುಗಳು ಬಂದವು. ನೋಡಿದವರ ತಪ್ಪೇನಿಲ್ಲ, ಅವರಿಗೆ ಕಂಡದ್ದೇ ಅಷ್ಟು.

ವಿಡಿಯೊ ಕಾರಿನವನಿಗೂ ತಲುಪಿತು. ಸಿಗ್ನಲ್‌ನಲ್ಲಿ ನಾನು ಅವನ ಕನ್ನಡಿ ಒಡೆದೆ ಅಂತ ಆತ ಪೊಲೀಸರಿಗೆ ದೂರು ಕೊಟ್ಟ. ನಾನು ನನ್ನ ತುಣುಕು ಹಿಡಿದುಕೊಂಡು ಹೋದೆ. ಅಲ್ಲಿದ್ದವರು ಕೇಳಿದ್ದು ಒಂದೇ ಮಾತು: ‘ಇದರ ಹಿಂದಿನದು, ಮುಂದಿನದು ಎಲ್ಲಿ?’ ಎಲ್ಲಿಂದ ತರಲಿ? ಕೊನೆಗೆ ರಾಜಿಯಾಯಿತು. ಏಟು ತಿಂದವನೂ ನಾನೇ, ಕನ್ನಡಿಗೆ ದುಡ್ಡು ತೆತ್ತವನೂ ನಾನೇ.

ಬ್ರಿಟನ್ನಿನಲ್ಲಿ ‘ಆಪರೇಷನ್ ಸ್ನ್ಯಾಪ್’ ಅಂತ ಒಂದು ವ್ಯವಸ್ಥೆ ಇದೆ. 2016ರಲ್ಲಿ ನಾರ್ತ್ ವೇಲ್ಸ್ ಪೊಲೀಸರು ಶುರುಮಾಡಿದ್ದು, ಆಮೇಲೆ ಬೇರೆ ಕಡೆಗೂ ಹಬ್ಬಿತು. ರಸ್ತೆಯಲ್ಲಿ ಕಂಡ ತಪ್ಪುಗಳ ವಿಡಿಯೊವನ್ನು ಜನರೇ ಪೊಲೀಸರಿಗೆ ಕಳಿಸಬಹುದು. ಆದರೆ ಕತ್ತರಿ ಹಾಕದ, ಘಟನೆಯ ಹಿಂದುಮುಂದೂ ಇರುವ ಫೈಲೇ ಬೇಕು ಅನ್ನುತ್ತಾರೆ. ಇದನ್ನು ನಾನು ತಿಳಿದುಕೊಂಡದ್ದು ದುಡ್ಡು ಕಟ್ಟಿದ ಮೇಲೆ.

ಈಗ ನಿಮ್ಮ ಅಸಲು ಪ್ರಶ್ನೆ, ಧೋರಣೆ. ಆಸ್ಟ್ರೇಲಿಯಾದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸೈಕಲ್ ಸವಾರರನ್ನು ಪೂರ್ತಿ ಮನುಷ್ಯರೆಂದು ಎಷ್ಟರಮಟ್ಟಿಗೆ ಎಣಿಸುತ್ತೀರಿ ಅಂತ ಒಂದು ಅಳತೆಯ ಮೇಲೆ ಗುರುತು ಮಾಡಲು ಹೇಳಿದ್ದರು. ಸೈಕಲ್ ತುಳಿಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪೂರ್ತಿ ಮನುಷ್ಯರಿಗಿಂತ ಕೆಳಗೇ ಗುರುತು ಹಾಕಿದರು. ಹಾಗೆ ಕೆಳಗಿಟ್ಟು ನೋಡುವವರೇ ರಸ್ತೆಯಲ್ಲಿ ಹೆಚ್ಚು ದಬ್ಬಾಳಿಕೆ ಮಾಡಿದ್ದೇವೆ ಅಂತಲೂ ಒಪ್ಪಿಕೊಂಡಿದ್ದರು. ಹೆಲ್ಮೆಟ್ ಕ್ಯಾಮೆರಾದ ವಿಡಿಯೊದಲ್ಲಿ ನಿಮ್ಮ ಮುಖವೇ ಇರುವುದಿಲ್ಲ, ಬರೀ ಕೂಗಾಟ ಇರುತ್ತದೆ. ಅದನ್ನು ನೋಡಿ ಯಾರು ನಿಮ್ಮನ್ನು ಮನುಷ್ಯ ಅಂದುಕೊಳ್ಳುತ್ತಾರೆ?

ನಿಮ್ಮ ಪ್ರಶ್ನೆಯಲ್ಲಿ ‘ಅವರು’, ‘ನಾವು’ ಅಂತ ಬಂದಿದೆ. ನಾನು ಕಾರೂ ಓಡಿಸುತ್ತೇನೆ. ಸ್ಟೀರಿಂಗ್ ಹಿಂದೆ ಕೂತಾಗ ಸೈಕಲ್ ಅಡ್ಡ ಬಂದರೆ ನನಗೂ ಮೈ ಉರಿಯುತ್ತದೆ. ಕಾರು ಸಿಗ್ನಲ್ ಹಾರಿದರೆ ‘ಆ ಕಾರಿನವನು’ ಅನ್ನುತ್ತೇವೆ, ಸೈಕಲ್ ಹಾರಿದರೆ ‘ಈ ಸೈಕಲ್‌ನವರೇ ಹೀಗೆ’. ಒಬ್ಬನ ತಪ್ಪು ಒಬ್ಬನದೇ ಆಗಿ ಉಳಿಯುತ್ತದೆ, ಇನ್ನೊಬ್ಬನದು ಇಡೀ ಗುಂಪಿನ ಕೊರಳಿಗೆ ಬೀಳುತ್ತದೆ. ನನ್ನ ವಿಡಿಯೊ ಮಾಡಿದ್ದೂ ಇದನ್ನೇ, ದಿಕ್ಕು ತಿರುಗಿಸಿ. (‘ತೆರಿಗೆ ಕಟ್ಟದವರಿಗೆ ರಸ್ತೆ ಯಾಕೆ’ ಅನ್ನುವ ಕಾಮೆಂಟ್ ಬಂದೇ ಬರುತ್ತದೆ. ರಸ್ತೆ ಸವೆಯುವುದು ಸುಮಾರಾಗಿ ಚಕ್ರಗಳ ಅಚ್ಚಿನ ಮೇಲಿನ ಭಾರದ ನಾಲ್ಕನೇ ಘಾತಕ್ಕೆ ತಕ್ಕಂತೆ. ಭಾರ ಎರಡು ಪಟ್ಟಾದರೆ ಸವೆತ 16 ಪಟ್ಟು. ಸೈಕಲ್ ಲೆಕ್ಕಕ್ಕೇ ಬರುವುದಿಲ್ಲ. ಇದನ್ನು ಹೇಳಿ ನಾನು ಒಬ್ಬರ ಮನಸ್ಸನ್ನೂ ಬದಲಿಸಿಲ್ಲ.)

ಸೈಕಲ್‌ಗೆ ಹೆಸರಾದ ನೆದರ್‌ಲ್ಯಾಂಡ್ಸ್‌ನ ಜನ ಹುಟ್ಟಾ ಸಂಯಮಿಗಳು ಅಂತ ದಯವಿಟ್ಟು ಹೇಳಬೇಡಿ. 1971ರಲ್ಲಿ ಅಲ್ಲಿ ರಸ್ತೆ ಅಪಘಾತಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಆಗ ಬೀದಿಗಿಳಿದವರು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂದರು. ಅವರು ಕೇಳಿದ್ದು ಚಾಲಕರ ಕ್ಷಮೆಯನ್ನಲ್ಲ, ಸುರಕ್ಷಿತ ಬೀದಿಗಳನ್ನು. ಈಗ ಅಲ್ಲಿ ಮೋಟಾರು ವಾಹನ ಸೈಕಲ್‌ಗೆ ಗುದ್ದಿದರೆ ಪರಿಹಾರದ ಹೊಣೆ ಮೊದಲು ವಾಹನದ ಕಡೆಗೇ ಬೀಳುತ್ತದೆ, ಅಲ್ಲಿನ ರಸ್ತೆ ಸಂಚಾರ ಕಾನೂನಿನ 185ನೇ ವಿಧಿ ಅದು. ಸೈಕಲ್‌ಗೆ ಬೇರೆ ಹಾದಿ, ಕಡಿಮೆ ವೇಗ, ಸ್ಪಷ್ಟ ಹೊಣೆ ಇದ್ದಲ್ಲಿ ಜಗಳಕ್ಕೆ ಕಾರಣವೇ ಕಡಿಮೆ. ಆದ್ದರಿಂದ ಕಾರಿನವನ ಹೆಸರು ಹಿಡಿದು ಬರೆಯುವ ಬದಲು ನಿಮಗೆ ಪದೇ ಪದೇ ಉಜ್ಜುವ ಆ ತಿರುವಿನ ಬಗ್ಗೆ ಬರೆಯಿರಿ, ರಸ್ತೆ ನೋಡಿಕೊಳ್ಳುವವರಿಗೆ, ಫೋಟೊ ಸಮೇತ.

ಸಿಗ್ನಲ್‌ನಲ್ಲಿ ಮಾತಿಗಿಳಿಯಬೇಡಿ. ಕಾರಿನ ಮೇಲೆ ತಟ್ಟಲೇಬೇಡಿ. ಒಳಗೆ ಕೂತವರಿಗೆ ನಿಮ್ಮ ಬೆರಳಿನ ಸದ್ದೂ ಏಟಿನಂತೆ ಕೇಳುತ್ತದೆ. ರಸ್ತೆಯ ಅಂಚಿಗೆ ಅಂಟಿಕೊಂಡೂ ಹೋಗಬೇಡಿ, ಅಲ್ಲಿದ್ದರೆ ಇದ್ದ ಲೇನಿನಲ್ಲೇ ತೂರಿಸಬಹುದು ಅನ್ನಿಸುವುದು ಕಾರಿನವರಿಗೆ ಸಹಜ.

ಕ್ಯಾಮೆರಾ ಹೆಲ್ಮೆಟ್‌ಗೋ ಹ್ಯಾಂಡಲ್‌ಗೋ ಅಂತಲೂ ಕೇಳಿದ್ದೀರಿ. ಒಂದೇ ಕೊಳ್ಳುವುದಾದರೆ ಸೀಟಿನ ಕೆಳಗೆ, ಹಿಂದಕ್ಕೆ ಮುಖ ಮಾಡಿ ಕಟ್ಟಿ. ಉಜ್ಜುವ ಕಾರು ಬರುವುದು ಹಿಂದಿನಿಂದ. ದಿನಾಂಕ, ಸಮಯ ಸರಿಯಾಗಿ ಹೊಂದಿಸಿಡಿ, ಲಾಕ್ ಗುಂಡಿ ಎಲ್ಲಿದೆ ಅಂತ ಮನೆಯಲ್ಲೇ ನೋಡಿಕೊಳ್ಳಿ.